ಸಾಹೇಬರು ಬದಲಾದಾಗ ಬಾಯಿಮಾತಿನ ಲೆಕ್ಕ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ತಾರಿಹಾಳದಲ್ಲೋ ನೂರು ಮಂದಿ ದುಡಿಯುವ ಕಾರ್ಖಾನೆಗೆ ಹೊಸ ಮ್ಯಾನೇಜರ್ ಬಂದರೆ ಕೀಲಿಕೈ, ಸ್ಟಾಕ್ ಬುಕ್ಕು, ಬ್ಯಾಂಕಿನ ಸಹಿ ಎಲ್ಲವೂ ಅವರ ಕೈಗೆ ಬರುತ್ತವೆ. ಹಳೇ ಸಾಹೇಬರು ಕೊಟ್ಟ ಮಾತು ಮಾತ್ರ ಬರುವುದಿಲ್ಲ. ಮಂದಿಯ ಮನಸ್ಸು ಮುರಿಯುವುದು ಹೆಚ್ಚಾಗಿ ಅಲ್ಲೇ.

ಎಂಥ ಮಾತು? ಅಣ್ಣಿಗೇರಿ, ಕುಂದಗೋಳದಿಂದ ರೈಲಿಗೆ ಬರುವವರಿಗೆ ಗಾಡಿ ತಡವಾದರೆ 15 ನಿಮಿಷ ಮಾಫಿ, ಸಂಜೆ ಅಷ್ಟೇ ಹೊತ್ತು ತುಂಬಿಕೊಡಬೇಕು. ಮುಂಗಾರಿ ಬಿತ್ತನೆಗೆ, ಹೆಸರು ಬಿಡಿಸುವಾಗ ಹೊಲ ಇದ್ದವರಿಗೆ ಸರದಿಯ ಮೇಲೆ ರಜೆ. ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಲು (ಭೂಮಿತಾಯಿಗೆ ಎಡೆ ಹಾಕಲು) ಅರ್ಧ ದಿನ. ಮದುವೆಗೆಂದು ಕೊಟ್ಟ ಅಡ್ವಾನ್ಸನ್ನು ಪಗಾರದಲ್ಲಿ ತಿಂಗಳಿಗೆ ಸಾವಿರದಂತೆ ಮುರಿದುಕೊಳ್ಳುವುದು.

ಹೊಸಬರು 8.10ಕ್ಕೆ ಬಂದವನ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುತ್ತಾರೆ. ಅವರಿಗೆ ಅದು ಶಿಸ್ತು. ಅವನಿಗೆ, ವರ್ಷಗಟ್ಟಲೆ ನಿಯತ್ತಿನಿಂದ ಸಂಜೆ ತುಂಬಿಕೊಟ್ಟ ಹೊತ್ತಿಗೆ ಬೆಲೆಯೇ ಇಲ್ಲದಂತಾಯಿತು. ಅವನು ಜಗಳ ತೆಗೆಯುವುದಿಲ್ಲ, ರಾಜೀನಾಮೆಯನ್ನೂ ಕೊಡುವುದಿಲ್ಲ. ಲೇಥಿನ ಬೇರಿಂಗ್ ಸದ್ದು ಬದಲಾದದ್ದು ಕಿವಿಗೆ ಬಿದ್ದರೂ ಹೇಳುವುದಿಲ್ಲ. ಓವರ್‌ಟೈಮಿಗೆ ಕರೆದರೆ ‘ಮನ್ಯಾಗ ಕೆಲ್ಸ ಐತ್ರಿ ಸರ’. ಬೇರಿಂಗ್ ಕಚ್ಚಿಕೊಂಡು ಮಷಿನ್ ನಿಂತ ದಿನ ಮೇಂಟೆನೆನ್ಸಿನವರನ್ನು ಬೈಯುತ್ತಾರೆ. ಕಾರಣ ಹಾಜರಿ ಪುಸ್ತಕದಲ್ಲಿರುತ್ತದೆ.

ಹಳಬರು ಹೋಗುವ ಮುಂಚೆ ಕನಿಷ್ಠ ಎರಡು ವಾರ ಇಬ್ಬರೂ ಒಟ್ಟಿಗೆ ಇರಬೇಕು. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ: ಯಾರಿಗೆ, ಏನು ಮಾತು, ಯಾವಾಗಿನಿಂದ, ಬದಲಿಗೆ ಅವರು ಕೊಡುವುದೇನು. ನಾಲ್ಕನೆಯದನ್ನು ಬಿಟ್ಟರೆ ಎಲ್ಲವೂ ಪುಕ್ಕಟೆ ಸವಲತ್ತಿನಂತೆ ಕಂಡು, ಹೊಸಬರ ಕೈ ಕತ್ತರಿಗೆ ಹೋಗುತ್ತದೆ. ಮ್ಯಾನೇಜರನ್ನೊಬ್ಬರನ್ನೇ ಕೇಳಿದರೆ ಅರ್ಧ ಮಾತ್ರ ಸಿಗುತ್ತದೆ. ಟೈಮ್ ಆಫೀಸಿನ ಗುಮಾಸ್ತ, ಪಾಳಿಯ ಸೂಪರ್‌ವೈಸರ್, ಗೇಟಿನ ವಾಚ್‌ಮನ್ ಮೂವರನ್ನೂ ಬೇರೆಬೇರೆಯಾಗಿ ಕೇಳಿ. ವಾಚ್‌ಮನ್‌ಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಮೊದಲ ಮೂರು ತಿಂಗಳು ಸುರಕ್ಷತೆ ಮತ್ತು ಹಣದ ಅಫರಾತಫರಿ ಬಿಟ್ಟು ಬೇರೇನೂ ಬದಲಿಸದಿರುವುದು ಒಳ್ಳೆಯದು. ಹಾಜರಿ, ರಿಜೆಕ್ಷನ್ (ಕೆಟ್ಟು ತಿರಸ್ಕೃತವಾದ ಮಾಲು), ಓವರ್‌ಟೈಮಿಗೆ ಒಲ್ಲೆ ಎಂದವರ ಸಂಖ್ಯೆ ಇವನ್ನು ವಾರವಾರ ಬರೆದಿಡಿ. ಹೋಲಿಸುವುದು ಹಿಂದಿನ ವರ್ಷದ ಅದೇ ತಿಂಗಳಿಗೆ. ಜೂನ್ ಹಾಜರಿಯನ್ನು ಏಪ್ರಿಲ್‌ಗೆ ಹೋಲಿಸಿದರೆ ಬಿತ್ತನೆಗೆ ಹೋದವರು ಮೈಗಳ್ಳರಂತೆ ಕಾಣುತ್ತಾರೆ.

ಪಾಳಿಯ ವೇಳೆ ಬದಲಿಸುವಾಗ ಕಾನೂನೂ ಇದೆ. ಸ್ಥಾಯಿ ಆದೇಶಗಳಲ್ಲಿ (ಕಾರ್ಖಾನೆಯ ಲಿಖಿತ ಸೇವಾ ನಿಯಮಗಳಲ್ಲಿ) ಅವಕಾಶ ಇಲ್ಲದಿದ್ದರೆ 21 ದಿನ ಮುಂಚೆ ನೋಟಿಸ್ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮಿನಲ್ಲಿದ್ದ ಈ ನಿಯಮ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ನಿಯಮದಂತೆ ನೋಟಿಸ್ ಕೊಟ್ಟರೆ ಕಾನೂನಿನ ಕೆಲಸ ಮುಗಿಯಬಹುದು, ಮಂದಿಯ ಕೆಲಸ ಮುಗಿಯುವುದಿಲ್ಲ.

ಯಾವುದಾದರೂ ಮಾತನ್ನು ನಡೆಸಲು ಆಗದಿದ್ದರೆ, ಅದು ಯಾರಿಗೆ ತಾಗುತ್ತದೋ ಅವರಿಗೆ ನೋಟಿಸಿಗೂ ಮೊದಲು ಹೇಳಬೇಕು, ಕಾರಣ ಸಮೇತ. ಕ್ಯಾಬಿನ್ನಿಗೆ ಕರೆಸಬೇಡಿ, ಅವರ ಮಷಿನ್ ಹತ್ತಿರವೇ ಹೋಗಿ. ಆಗುವುದಾದರೆ ಹಳೇ ಸಾಹೇಬರು ಪಕ್ಕದಲ್ಲಿರಲಿ. ಕೊಟ್ಟ ಮಾತನ್ನು ಹಿಂದಕ್ಕೆ ತಗೊಳ್ಳುವಾಗ ಕೊಟ್ಟವರೇ ಎದುರಿಗಿದ್ದರೆ ಕೇಳುವವನಿಗೆ ಅಷ್ಟು ನೋವಾಗುವುದಿಲ್ಲ.