ಹಲಸಿನ ಬೇಸ್‌ಗೆ ಎಣ್ಣೆ: ಕೊನೆಗೂ ಒಣಗಿತು!

ಇವತ್ತು ಬೆಳಿಗ್ಗೆ ಬೇಸ್ ಗಿಟಾರಿನ ಬಾಡಿ ಮೇಲೆ ಅಂಗೈ ಇಟ್ಟೆ. ಅಂಟಲಿಲ್ಲ. ಒತ್ತಿ ಹಿಡಿದು ನೋಡಿದೆ. ಆಗಲೂ ಅಂಟಲಿಲ್ಲ. 26 ದಿನ ಕಾದದ್ದು ಇದಕ್ಕೇ ಮಾರಾಯ್ರೆ!

ಬಾಡಿ ಕತ್ತರಿಸಿದ್ದು, ಮರ ಕೊರೆಯುವ ರೂಟರ್ ಯಂತ್ರದಲ್ಲಿ ನೆಕ್ (ಉದ್ದನೆಯ ಹಿಡಿ) ಕೂರುವ ಗುಂಡಿ ತೆಗೆದದ್ದು, 320 ನಂಬರಿನವರೆಗೆ ಸ್ಯಾಂಡ್ ಪೇಪರ್ ಹೊಡೆದದ್ದು ಎಲ್ಲ ನಿಮಗೂ ಗೊತ್ತಿರುವ ಕೆಲಸವೇ, ಬಿಡಿ. ಮರ ಹಲಸು. ವೀಣೆಗೂ ಮೃದಂಗಕ್ಕೂ ಆಗುವ ಮರ ಬೇಸ್‌ಗೆ ಯಾಕಾಗಬಾರದು ಅಂತ ಉಡುಪಿ ಹತ್ತಿರದ ಒಂದು ಮಿಲ್ಲಿನಿಂದ ಹಳೆಯ ಒಣ ಹಲಗೆ ತಂದಿದ್ದೆ. ಅರಸಿನದಂಥ ಬಣ್ಣ. ಬಿಸಿಲು ಬೆಳಕಿಗೆ ಅದು ವರ್ಷ ಕಳೆದ ಹಾಗೆ ಕೆಂಗಂದು ಆಗುತ್ತದೆ. ಅದರ ಮೇಲೆ ದಪ್ಪ ಲ್ಯಾಕರ್ ಬಳಿಯಲು ಮನಸ್ಸು ಬರಲಿಲ್ಲ. ಮರ ಕೈಗೆ ಮರದ ಹಾಗೆಯೇ ಸಿಗಬೇಕು. ಅದಕ್ಕೆ ಎಣ್ಣೆ, ಅಂಗಡಿಯವರು ಬಾಯ್ಲ್ಡ್ ಅಂತ ಬಾಟಲಿಗೆ ಸುರಿದು ಕೊಟ್ಟ ಅಗಸೆ ಎಣ್ಣೆ (ಲಿನ್‌ಸೀಡ್).

ಮೊದಲ ಕೋಟ್ ಹಚ್ಚಿದ್ದು ಆಟಿ ತಿಂಗಳಲ್ಲಿ, ಹೊರಗೆ ಜಡಿಮಳೆ. ಇಪ್ಪತ್ತು ನಿಮಿಷ ಬಿಟ್ಟು ಒರೆಸಿದೆ. ಮರುದಿನ ಮುಟ್ಟಿದರೆ ಅಂಟು. ಮೂರನೇ ದಿನವೂ ಅಂಟು. ಐದನೇ ದಿನ ಮುಂಭಾಗಕ್ಕೆ ಗಾಳಿಯಾಡಲಿ ಅಂತ ಪೇಪರ್ ಹಾಸಿ ಮಗುಚಿಟ್ಟೆ. ರಾತ್ರಿ ಕಳೆದು ಎತ್ತಿದರೆ ಹಿಂಬದಿಯಲ್ಲಿ ಅಡಿಕೆ ಧಾರಣೆಯ ಪಟ್ಟಿ ಎಡಬಲ ತಿರುಗಿ ಅಚ್ಚಾಗಿತ್ತು! ಅಕ್ಷರ, ಅಂಕಿ ಎಲ್ಲ ಸ್ಪಷ್ಟ. ಕನ್ನಡಿ ಹಿಡಿದರೆ ಓದಬಹುದಿತ್ತು.

ಮಳೆಯದ್ದೇ ತಪ್ಪು ಅಂದುಕೊಂಡೆ. ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ ಅಲ್ವಾ? ಗಾಳಿಯ ಆಮ್ಲಜನಕ ಹಿಡಿದುಕೊಂಡು ಗಟ್ಟಿಯಾಗುತ್ತದೆ. ತಂಡಿ ಹವೆಯಲ್ಲಿ ಅದು ನಿಧಾನ. ಟೇಬಲ್ ಫ್ಯಾನ್ ಇಟ್ಟೆ. ವಾರ ಕಳೆಯಿತು. ಅಂಟು ಹಾಗೇ ಇತ್ತು.

ನಮ್ಮ ಮನೆಯ ಮರಗೆಲಸಕ್ಕೆ ಬರುವ ಆಚಾರ್ರು ನೋಡಿದರು. "ಗೇರು ಎಣ್ಣೆ ಹಚ್ಚಬಹುದಿತ್ತಲ್ಲ ಮಾರಾಯ್ರೆ, ಪಕ್ಕಾಸಿಗೆ ಹಚ್ಚಿದರೆ ಹುಳ ಹತ್ತಿರ ಬರುವುದಿಲ್ಲ" ಅಂದರು. ಗೇರುಬೀಜದ ಸಿಪ್ಪೆಯ ಎಣ್ಣೆ ಅದು, ಮಾಡು ಹೊರುವ ಮರದ ಪಟ್ಟಿಗೆ, ಅಂದರೆ ಪಕ್ಕಾಸಿಗೆ, ಒಳ್ಳೆಯದೇ. ಆದರೆ ಕಪ್ಪಾಗುತ್ತದೆ, ಹಸಿ ಇದ್ದರೆ ಚರ್ಮ ಸುಡುತ್ತದೆ. ಬೇಸ್ ನುಡಿಸುವಾಗ ಮುಂಗೈ ಇಡೀ ಅದರ ಮೇಲೇ ಇರುತ್ತದೆ. ಬೇಡ ಅಂದೆ. ಆಗ ಅವರು ಬಾಟಲಿ ಮೂಸಿ ನೋಡಿ, "ಹಾಗಾದರೆ ಇದನ್ನು ಸ್ವಲ್ಪ ಗ್ಲಾಸಿನ ತುಂಡಿಗೆ ಹಚ್ಚಿ ಇಡಿ" ಅಂದರು.

ಅದೇ ದಾರಿ ತೋರಿಸಿತು. ಬಂದರಿನ ಕಡೆ ಬೇರೆ ಅಂಗಡಿಯಿಂದ ಸೀಲ್ ಇದ್ದ ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಡಬ್ಬ ತಂದೆ. ಒಂದೇ ಗಾಜಿನ ಮೇಲೆ ಎಡಕ್ಕೆ ಹಳೆಯದು, ಬಲಕ್ಕೆ ಹೊಸದು, ತೆಳುವಾಗಿ ಸವರಿದೆ. ಅದೇ ಕೋಣೆ, ಅದೇ ಮಳೆ. ಎರಡನೇ ದಿನ ಬಲಬದಿ ಉಗುರಿಗೆ ಸಿಪ್ಪೆಯ ಹಾಗೆ ಎದ್ದು ಬಂತು. ಎಡಬದಿಯಲ್ಲಿ ಬೆರಳು ಜಾರಿತು! ನನಗೆ ಬಾಯ್ಲ್ಡ್ ಅಂತ ಕೊಟ್ಟದ್ದು ಹಸಿ ಎಣ್ಣೆ. ಬಾಯ್ಲ್ಡ್‌ಗೆ ಬೇಗ ಒಣಗಲು ಲೋಹದ ಲವಣ ಸೇರಿಸಿರುತ್ತಾರೆ, ಹಸಿಯಲ್ಲಿ ಅದಿಲ್ಲ. ಸೀಲ್ ಇಲ್ಲದ ಬಾಟಲಿಗೆ ಸುರಿದು ಕೊಡುವ ಅಂಗಡಿಯವರು ಇಷ್ಟಾದರೂ ಸರಿಯಾಗಿ ಹೇಳಬೇಕಲ್ವಾ? ಕೋಪ ಇನ್ನೂ ಇಳಿದಿಲ್ಲ.

ಟರ್ಪೆಂಟೈನ್‌ನಲ್ಲಿ ಬಟ್ಟೆ ಅದ್ದಿ ಎಲ್ಲ ಉಜ್ಜಿ ತೆಗೆದೆ. ನಾಲ್ಕು ದಿನ ಸುಮ್ನೆ ಬಿಟ್ಟೆ. ಹೊಸ ಎಣ್ಣೆಗೆ ಅಷ್ಟೇ ಟರ್ಪೆಂಟೈನ್ ಬೆರೆಸಿ ತೆಳು ಕೋಟ್ ಹಚ್ಚಿದೆ. ಇನ್ನೊಂದು ಉಪದ್ರ ಎದ್ದಿತು. ಹಲಸಿನ ರಂಧ್ರ ದೊಡ್ಡದು. ಒರೆಸಿ ಅರ್ಧ ಗಂಟೆಗೆ ಒಳಗಿನ ಎಣ್ಣೆ ಮೇಲೆ ಬಂದು ಸಾಸಿವೆ ಕಾಳಿನಷ್ಟು ಹೊಳೆಯುವ ಚುಕ್ಕಿಯಾಗಿ ನಿಲ್ಲುತ್ತದೆ. ಹಾಗೇ ಬಿಟ್ಟರೆ ಅಲ್ಲೇ ಗಟ್ಟಿ. ರಾತ್ರಿ ಹನ್ನೊಂದರವರೆಗೂ ಅರ್ಧ ಗಂಟೆಗೊಮ್ಮೆ ಎದ್ದು ಒರೆಸಿದೆ. ಎರಡನೇ ಕೋಟ್ ಹಾಕುವಾಗ 400ರ ಪೇಪರನ್ನು ಎಣ್ಣೆಯಲ್ಲೇ ಅದ್ದಿ ಉಜ್ಜಿದೆ. ಮರದ ಹುಡಿ, ಎಣ್ಣೆ ಸೇರಿ ಪೇಸ್ಟ್ ಆಗಿ ರಂಧ್ರದಲ್ಲಿ ಕೂತಿತು. ಮೇಲ್ಮೈಯದ್ದನ್ನು ನಾರಿಗೆ ಅಡ್ಡವಾಗಿ ಒರೆಸಿದೆ. ಆಮೇಲೆ ಚುಕ್ಕಿ ಜಾಸ್ತಿ ಏಳಲಿಲ್ಲ.

ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ದಯವಿಟ್ಟು. ಒಣಗುವಾಗ ಬಿಸಿಯೇರಿ ತಾನಾಗಿಯೇ ಬೆಂಕಿ ಹತ್ತಬಹುದು. ನಾನು ನೀರು ತುಂಬಿದ ಬಕೆಟ್‌ನಲ್ಲಿ ಹಾಕಿಡುತ್ತೇನೆ.

ಹಲಗೆಯಲ್ಲಿ ಎರಡು ಅಡಿ ಉಳಿದಿದೆ. ಅದನ್ನು ನೋಡಿದಾಗಲೆಲ್ಲ ಪುಟ್ಟ ಗಿಟಾರಿನಂಥ ಉಕುಲೆಲೆ ಕಾಣುತ್ತದೆ. ಆದರೆ ಮೊದಲು ಫ್ರೆಟ್‌ಲೆಸ್ ನೆಕ್ (ಲೋಹದ ಅಡ್ಡಪಟ್ಟಿ ಇಲ್ಲದ್ದು), ಬೆರಳು ಒತ್ತುವ ಫಿಂಗರ್‌ಬೋರ್ಡ್ ಬೀಟೆ ಮರದ್ದು ಇಟ್ಟು. ಬೀಟೆಯಲ್ಲಿ ಮರದ್ದೇ ಎಣ್ಣೆ ಇರುತ್ತದೆ, ಅದು ಅಗಸೆ ಎಣ್ಣೆಯನ್ನು ಸರಿಯಾಗಿ ಒಣಗಲು ಬಿಡುವುದಿಲ್ಲ. ಅದಕ್ಕೆ ಏನೂ ಹಚ್ಚದೆ ಸುಮ್ನೆ ಉಜ್ಜಿ ಹೊಳಪು ಬರಿಸುವ ಯೋಚನೆ.

ಈಗ ಬೇಸ್‌ಗೆ ನಾಲ್ಕು ಕೋಟ್ ಆಗಿದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ನಾರು ಒಳಗಿನಿಂದ ಹೊಳೆಯುತ್ತದೆ. ಹಿಂಬದಿಯಲ್ಲಿ ಅಡಿಕೆ ಧಾರಣೆಯ ಒಂದು '4' ಮಾತ್ರ ಮಸುಕಾಗಿ ಉಳಿದಿದೆ. ಅದನ್ನು ಉಜ್ಜಿ ತೆಗೆಯುವುದಿಲ್ಲ. ಭಾನುವಾರ ತಂತಿಯ ನಾದ ಹಿಡಿಯುವ ಪಿಕಪ್ ಕೂರಿಸುತ್ತೇನೆ.