ಬಿಸಿಲು ಹೆಚ್ಚಾದರೆ ಪ್ರಾಣಿಗಳ ಜೀನ್ ಬದಲಾಗುತ್ತದೆಯೇ?

"ಅಕ್ಕಾರ, ಬಿಸಲು ಹೆಚ್ಚಾದ್ರ ಪ್ರಾಣಿಗೋಳ ಜೀನ್ ಬದ್ಲಾಗಿ ತಾವಾ ಹೊಂದ್ಕೋತಾವಂತ ಮೊಬೈಲ್‌ನ್ಯಾಗ ನೋಡಿದ್ನಿರಿ. ಹಂಗಿದ್ರ ಮತ್ತ ಚಿಂತಿ ಯಾಕ?"

ಹೀಗೆ ಕೇಳಿದವರು ನಮ್ಮ ಮನೆಯ ಹಿಂದಿನ ಕಟ್ಟಡದಲ್ಲಿ ಕೆಲಸ ಮಾಡಿಸುತ್ತಿರುವ ಬಾಗಲಕೋಟೆ ಕಡೆಯ ಮೇಸ್ತ್ರಿ. ಇದೇ ಪ್ರಶ್ನೆಯನ್ನು ಕನ್ನಡ ಸಂಘದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಗೋವಾದ ವಾಸ್ಕೋದ ಮೀನು ಮಾರ್ಕೆಟ್ಟಿನಲ್ಲಿ ಕೇಳಿದ್ದಾರೆ, ಅಂಕೋಲೆಗೆ ಹೋದಾಗ ತಮ್ಮನ ಹೆಂಡತಿಯೂ ಕೇಳಿದ್ದಾಳೆ. ಪ್ರಾಣಿಶಾಸ್ತ್ರ ಕಲಿಸುವವಳು ಎಂದು ಗೊತ್ತಾದರೆ ಮಾತು ಇಲ್ಲಿಗೇ ಬಂದು ನಿಲ್ಲುತ್ತದೆ. ಪ್ರತಿ ಸಲ ನಿಂತಲ್ಲೇ ಅರ್ಧ ಉತ್ತರ ಹೇಳಿ ಬಂದಿದ್ದೇನೆ. ಈ ಪ್ರಶ್ನೆಯ ಮೊದಲರ್ಧದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಉಳಿದರ್ಧದ ನಿಶ್ಚಿಂತೆ ಹುಟ್ಟಿರುವುದು ಅದರಿಂದಲೇ. ಹಾಗಾಗಿ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಬಿಸಿಲಿಗೆ ಹೆದರಿ ಯಾವ ಪ್ರಾಣಿಯೂ ತನ್ನ ಜೀನನ್ನು ತಿದ್ದಿಕೊಳ್ಳುವುದಿಲ್ಲ. ಇರುವ ಜೀನ್‌ಗಳಲ್ಲಿ ಈಗ ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬ ಏರ್ಪಾಟು ಬದಲಾಗುತ್ತದೆ. ನಮ್ಮೂರ ಕಡೆಯವರಿಗೆ ಯಕ್ಷಗಾನದ ಮಾತು ಬೇಗ ಅರ್ಥವಾಗುತ್ತದೆ. ಪ್ರಸಂಗದ ಪುಸ್ತಕ ಒಂದೇ. ಮಳೆ ಬರುವ ಲಕ್ಷಣ ಕಂಡರೆ ಭಾಗವತರು ಪದ್ಯಗಳನ್ನು ಹಾರಿಸಿ ನೇರ ಯುದ್ಧದ ಪದ್ಯಕ್ಕೆ ಬರುತ್ತಾರೆ. ಪುಸ್ತಕದ ಒಂದಕ್ಷರವೂ ಅಳಿಸಿಲ್ಲ, ಆದರೂ ಆ ರಾತ್ರಿಯ ಆಟ ಬೇರೆ. ಜೀವಕೋಶದಲ್ಲಿ ಡಿಎನ್‌ಎ ಆ ಪುಸ್ತಕ. ಅದರ ಯಾವ ತುಂಡನ್ನು ಆರ್‌ಎನ್‌ಎ ಆಗಿ ನಕಲು ಮಾಡಿ ಪ್ರೋಟೀನ್ ತಯಾರಿಸಬೇಕು ಎಂಬುದು ಹೊತ್ತುಹೊತ್ತಿಗೆ ನಿರ್ಧಾರವಾಗುತ್ತದೆ. ಜೀನ್‌ನ ಚಟುವಟಿಕೆ ಎಂದರೆ ಇಷ್ಟೇ.

ನಾನು ಮಕ್ಕಳನ್ನು ಏಪ್ರಿಲ್ ತಿಂಗಳಲ್ಲಿ ವಾಸ್ಕೋ ಸುತ್ತಲಿನ ಕಲ್ಲುತೀರಕ್ಕೆ ಕರೆದುಕೊಂಡು ಹೋಗುತ್ತೇನೆ. ಇಳಿತದ ಹೊತ್ತಿಗೆ ಬಂಡೆಗಳ ಬುಡದಲ್ಲಿ ನೀಲಿಕಲ್ಲು ಕಾಣುತ್ತದೆ. ಗೋವಾದವರು ಶಿಣಾಣಿಯೊ ಎನ್ನುತ್ತಾರೆ, ಮಂಗಳೂರಿನವರು ಪಚಿಲೆ. ನಮ್ಮೆಲ್ಲರ ಅಡುಗೆಮನೆಗೆ ಪರಿಚಿತವಾದ ಹಸಿರು ಅಂಚಿನ ಚಿಪ್ಪು. ಮೀನು ಬಿಸಿಯಾದರೆ ಆಳಕ್ಕೆ ಹೋಗುತ್ತದೆ, ಏಡಿ ಸಂದಿಗೆ ಸರಿಯುತ್ತದೆ. ನೀಲಿಕಲ್ಲು ನಾರಿನಂಥ ಎಳೆಗಳಿಂದ ಬಂಡೆಗೆ ಕಚ್ಚಿಕೊಂಡಿದೆ, ಎಲ್ಲಿಗೂ ಹೋಗಲಾರದು. ನೀರು ಇಳಿದರೆ ಚಿಪ್ಪು ಮುಚ್ಚಿಕೊಂಡು, ಒಳಗೆ ಉಳಿದ ಸ್ವಲ್ಪ ನೀರಿನಲ್ಲಿ, ಅಂಗೈ ಇಡಲಾಗದಷ್ಟು ಕಾದ ಬಂಡೆಯ ಮೇಲೆ ಮುಂದಿನ ಭರತಕ್ಕಾಗಿ ಕಾಯಬೇಕು. ಓಡಲಾಗದ ಪ್ರಾಣಿಗೆ ಉಳಿಯುವ ದಾರಿಗಳೆಲ್ಲ ಜೀವಕೋಶದ ಒಳಗೇ ಇವೆ.

ಆ ಒಳದಾರಿಯ ಮೊದಲ ಸುಳಿವು ಸಿಕ್ಕಿದ್ದು ಇಟಲಿಯ ಫೆರುಚ್ಚೊ ರಿಟೋಸ್ಸಾ ಅವರಿಗೆ. ಹಣ್ಣುನೊಣದ ಮರಿಹುಳದ ಜೊಲ್ಲುಗ್ರಂಥಿಯಲ್ಲಿ ವರ್ಣತಂತುಗಳು ಎಷ್ಟು ದಪ್ಪವೆಂದರೆ ಸಾಮಾನ್ಯ ಮೈಕ್ರೋಸ್ಕೋಪಿನಲ್ಲೇ ಪಟ್ಟೆಗಳು ಕಾಣುತ್ತವೆ. ಯಾವ ಜಾಗದಲ್ಲಿ ಜೀನ್ ಜೋರಾಗಿ ಕೆಲಸ ಮಾಡುತ್ತಿದೆಯೋ ಅಲ್ಲಿ ತಂತು ಉಬ್ಬುತ್ತದೆ. ಒಂದು ದಿನ ಯಾರೋ ನೊಣಗಳ ಪೆಟ್ಟಿಗೆಯ ಉಷ್ಣತೆ ಏರಿಸಿಬಿಟ್ಟಿದ್ದರು. ರಿಟೋಸ್ಸಾ ನೋಡಿದರೆ ಎಂದೂ ಇಲ್ಲದ ಕಡೆ ಹೊಸ ಉಬ್ಬುಗಳು. ಮೊದಲು ಕಳುಹಿಸಿದ ಪತ್ರಿಕೆ ಆ ಲೇಖನವನ್ನು ಒಪ್ಪಲಿಲ್ಲ. 1962ರಲ್ಲಿ ಬೇರೊಂದರಲ್ಲಿ ಅದು ಪ್ರಕಟವಾಯಿತು. ಆ ಉಬ್ಬುಗಳಿಂದ ಹೊಸ ಪ್ರೋಟೀನ್‌ಗಳು ತಯಾರಾಗುತ್ತವೆ ಎಂದು ಆಲ್ಫ್ರೆಡ್ ಟಿಸ್ಸಿಯೇರ್ ಮತ್ತು ಸಂಗಡಿಗರು ತೋರಿಸಿದ್ದು 1974ರಲ್ಲಿ. ನಡುವೆ ಹನ್ನೆರಡು ವರ್ಷ. ಇವತ್ತು ಯೀಸ್ಟಿನಿಂದ ಮನುಷ್ಯನವರೆಗೆ ಇದೇ ಏರ್ಪಾಟು ಇದೆ ಎಂದು ಗೊತ್ತಿರುವಾಗ, ಆ ಹನ್ನೆರಡು ವರ್ಷ ನೆನೆದರೆ ನನಗೆ ಸಂಕಟವಾಗುತ್ತದೆ.

ಉಬ್ಬಿದ ಆ ಜಾಗಗಳಲ್ಲಿ ಒಂದನ್ನು ನಮ್ಮ ದೇಶದ ವಿಜ್ಞಾನಿ ಎಸ್. ಸಿ. ಲಖೋಟಿಯಾ ಅವರು 1970ರ ದಶಕದಿಂದ, ಬಹುಕಾಲ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಬೆನ್ನುಹತ್ತಿ ಅಧ್ಯಯನ ಮಾಡಿದ್ದಾರೆ. ಆ ಜೀನ್‌ನ ಕೆಲಸ ಬಹುಪಾಲು ಅದರ ಆರ್‌ಎನ್‌ಎಯಿಂದಲೇ ನಡೆಯುತ್ತದೆ. ನೊಣಕ್ಕೆ ಸೆಖೆ ತಟ್ಟಿದಾಗ ಬೇರೆ ಕೆಲವು ಪ್ರೋಟೀನ್‌ಗಳನ್ನು ಅದು ಕೋಶಕೇಂದ್ರದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಆರ್‌ಎನ್‌ಎ ಬರೀ ಓಲೆಕಾರ ಎಂದು ಎಲ್ಲರೂ ಪಾಠ ಹೇಳುತ್ತಿದ್ದ ಕಾಲದ ಹುಡುಕಾಟ ಅದು. ಕಾಲೇಜಿನ ಹುಡುಗರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಸೆಖೆ ಕೋಶಕ್ಕೆ ಮಾಡುವ ಕೆಡುಕಾದರೂ ಏನು? ಮೊಟ್ಟೆಯ ಬಿಳಿ ಕಾವಲಿಯ ಮೇಲೆ ಗಟ್ಟಿಯಾಗುವುದನ್ನು ನೋಡಿದ್ದೀರಲ್ಲ. ಪ್ರೋಟೀನ್ ಎಂದರೆ ಸರಿಯಾಗಿ ಮಡಚಿಟ್ಟ ದಾರ. ಕಾವು ಏರಿದರೆ ಮಡಿಕೆ ಬಿಚ್ಚಿ ಒಂದಕ್ಕೊಂದು ಗಂಟುಬೀಳುತ್ತದೆ. ಹಾಗಾಗದಂತೆ ಹಿಡಿದು ಮತ್ತೆ ಮಡಚುವ ಕಾವಲು ಪ್ರೋಟೀನ್‌ಗಳಿವೆ, ಅವುಗಳಲ್ಲಿ ಪ್ರಸಿದ್ಧವಾದದ್ದು ಎಚ್‌ಎಸ್‌ಪಿ70. ಇವನ್ನು ಕರೆಯುವ ಏರ್ಪಾಟು ಬಹಳ ಜಾಣತನದ್ದು. ಎಚ್‌ಎಸ್‌ಎಫ್1 ಎಂಬ ಪ್ರೋಟೀನ್ ಜೀನನ್ನು ಎಬ್ಬಿಸಬಲ್ಲದು, ಆದರೆ ಶಾಂತ ದಿನಗಳಲ್ಲಿ ಕಾವಲುಗಾರರೇ ಅದನ್ನು ಕೈಹಿಡಿದು ಕೂರಿಸಿರುತ್ತಾರೆ. ಕಾವು ಏರಿ ಗಂಟುಬಿದ್ದ ಪ್ರೋಟೀನ್‌ಗಳು ಹೆಚ್ಚಾದ ಕೂಡಲೇ ಕಾವಲುಗಾರರು ಅತ್ತ ಓಡುತ್ತಾರೆ. ಬಿಡುಗಡೆಯಾದ ಎಚ್‌ಎಸ್‌ಎಫ್1 ಮೂರು ಮೂರಾಗಿ ಜೊತೆಗೂಡಿ ಡಿಎನ್‌ಎ ಮೇಲೆ ಹೋಗಿ ಕೂರುತ್ತದೆ, ಹೊಸ ಕಾವಲುಗಾರರನ್ನು ಹುಟ್ಟಿಸುತ್ತದೆ. ಕೆಲಸ ಮುಗಿದು ಕೈ ಖಾಲಿಯಾದ ಕಾವಲುಗಾರರು ಮತ್ತೆ ಅದನ್ನೇ ಹಿಡಿದು ಕೂರಿಸುತ್ತಾರೆ. ಥರ್ಮಾಮೀಟರೂ ಸ್ವಿಚ್ಚೂ ಒಂದೇ ಕಡೆ.

ವೇಗದ ಗುಟ್ಟು ಇನ್ನೂ ಸೊಗಸು. 25 ಡಿಗ್ರಿಯಲ್ಲಿ ಬೆಳೆದ ಹಣ್ಣುನೊಣವನ್ನು 37 ಡಿಗ್ರಿಗೆ ಒಯ್ದರೆ ಕೆಲವೇ ನಿಮಿಷಗಳಲ್ಲಿ ಎಚ್‌ಎಸ್‌ಪಿ70 ಜೀನ್‌ನ ನಕಲು ನೂರು ಪಟ್ಟಿಗೂ ಮೀರಿ ಏರುತ್ತದೆ. ಇಷ್ಟು ಬೇಗ ಹೇಗೆ? ಜಾನ್ ಲಿಸ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕಂಡದ್ದು: ನಕಲು ಮಾಡುವ ಯಂತ್ರ ಆ ಜೀನ್‌ನ ಬಾಗಿಲಲ್ಲಿ ಮೊದಲೇ ಬಂದು, ಕೆಲವೇ ಅಕ್ಷರ ಓದಿ, ಕಾದು ನಿಂತಿರುತ್ತದೆ. ಬಿಸಿ ತಟ್ಟಿದ ಕ್ಷಣ ಮುಂದೆ ಹೊರಡುವುದಷ್ಟೇ ಬಾಕಿ. ಅದೇ ಹೊತ್ತಿಗೆ ಕೋಶ ತನ್ನ ಉಳಿದ ಕೆಲಸಗಳಲ್ಲಿ ಹೆಚ್ಚಿನವನ್ನು ನಿಲ್ಲಿಸಿಬಿಡುತ್ತದೆ.

ಎಲ್ಲರೂ ಬಿಟ್ಟುಬಿಡುವುದು ಈ ಕೊನೆಯ ವಾಕ್ಯವನ್ನೇ. ಪ್ರೋಟೀನನ್ನು ಒಮ್ಮೆ ಹಿಡಿದು ಮಡಚಲು ಕೂಡ ಕೋಶದ ಇಂಧನ ಬೇಕು. ಕ್ಯಾಲಿಫೋರ್ನಿಯಾದ ಕಲ್ಲುತೀರದಲ್ಲಿರುವ ನಮ್ಮ ನೀಲಿಕಲ್ಲಿನ ದಾಯಾದಿಯೊಂದರ ಮೇಲೆ ಆಂಡ್ರ್ಯೂ ಗ್ರೇಸಿ ಮತ್ತು ತಂಡ ನಡೆಸಿದ ಅಧ್ಯಯನ 2008ರಲ್ಲಿ ಬಂತು. ಭರತ ಇಳಿತಗಳ ನಡುವೆ ಅದರ ಜೀನ್‌ಗಳ ಚಟುವಟಿಕೆಯಲ್ಲಿ ನಾಲ್ಕು ಸ್ಥಿತಿಗಳು ಕಂಡವು: ಉಸಿರಾಟ ಮತ್ತು ಚಯಾಪಚಯದ ಹೊತ್ತು, ಕೋಶ ವಿಭಜನೆಯ ಹೊತ್ತು, ಸಾಧಾರಣ ಬಿಸಿಯ ಸಂಕಟ, ವಿಪರೀತ ಬಿಸಿಯ ಸಂಕಟ. ಹೊರಗಿನಿಂದ ಕಲ್ಲಿನಂತೆ ಕೂತಿರುವ ಪ್ರಾಣಿ ಒಳಗೆ ಪಾಳಿ ಪ್ರಕಾರ ದುಡಿಯುತ್ತಿದೆ. ಸಂಕಟದ ಪಾಳಿ ಉದ್ದವಾದರೆ ಬೆಳೆಯುವ, ಮೊಟ್ಟೆ ಕಟ್ಟುವ ಕೆಲಸಕ್ಕೆ ಉಳಿಯುವುದು ಕಡಿಮೆ ಎಂದು ನನ್ನ ಲೆಕ್ಕ.

ಹಾಗಾದರೆ ಕಾವಲುಗಾರರನ್ನು ಹೆಚ್ಚಿಸಿಬಿಟ್ಟರೆ ಆಯಿತಲ್ಲ ಎಂದು ಒಬ್ಬ ಹುಡುಗ ಕೇಳಿದ್ದ. ಒಳ್ಳೆಯ ಪ್ರಶ್ನೆ. ಅಮೆರಿಕದಲ್ಲಿ ಕ್ರೆಬ್ಸ್ ಮತ್ತು ಫೆಡರ್ ಎಂಬವರು ಎಚ್‌ಎಸ್‌ಪಿ70 ಜೀನ್‌ನ ಹೆಚ್ಚುವರಿ ಪ್ರತಿಗಳಿರುವ ಹಣ್ಣುನೊಣದ ಮರಿಗಳನ್ನು ಪರೀಕ್ಷಿಸಿದರು. ವಿಪರೀತ ಬಿಸಿಯಲ್ಲಿ ಅವುಗಳಿಗೆ ಲಾಭವಿತ್ತು. ಆದರೆ ಆ ಪ್ರೋಟೀನ್ ಅತಿಯಾದಾಗ ಬೆಳವಣಿಗೆ ಕುಂಠಿತವಾಗಿ ಸಾಯುವ ಮರಿಗಳೂ ಹೆಚ್ಚಿದವು, 1997ರಲ್ಲಿ ಅವರು ಬರೆದದ್ದು ಅದನ್ನೇ. ಮನೆಗೆ ಬೀಗ ಹಾಕುವುದಕ್ಕೇ ಸಂಬಳವೆಲ್ಲ ಖರ್ಚಾದಂತೆ.

ಖರ್ಚಿನ ಜೊತೆಗೆ ಮಿತಿಯೂ ಇದೆ. ಅಂಟಾರ್ಕ್ಟಿಕಾದ ಸುತ್ತ ಸುಮಾರು ಮೈನಸ್ 1.9 ಡಿಗ್ರಿಯ ನೀರಿನಲ್ಲಿ ಬದುಕುವ ಟ್ರೆಮಟೋಮಸ್ ಎಂಬ ಮೀನಿಗೆ ಬಿಸಿ ತಟ್ಟಿಸಿದರೆ ಎಚ್‌ಎಸ್‌ಪಿ70 ಏರುವುದೇ ಇಲ್ಲ. ಲಕ್ಷಾಂತರ ವರ್ಷ ಉಷ್ಣತೆ ಅಲುಗಾಡದ ನೀರಿನಲ್ಲಿದ್ದು ಆ ಸ್ವಿಚ್ಚೇ ಹೋಗಿದೆ. ಸದಾ ಬಿಸಿಯಲ್ಲೇ ಇರುವ ಪ್ರಾಣಿಗಳು ಗಟ್ಟಿಯಿರಬೇಕಲ್ಲ ಎಂದು ಅನಿಸುವುದು ಸಹಜ. ನಾನೂ ಹಾಗೇ ತಿಳಿದಿದ್ದೆ. ಜೊನಾಥನ್ ಸ್ಟಿಲ್‌ಮನ್ 2003ರಲ್ಲಿ ತೀರದ ಸಣ್ಣ ಪಿಂಗಾಣಿ ಏಡಿಗಳನ್ನು ಹೋಲಿಸಿ ತೋರಿಸಿದ್ದು ಇದಕ್ಕೆ ತಿರುಗುಮುರುಗು. ಭರತರೇಖೆಯ ಮೇಲ್ಭಾಗದಲ್ಲಿ ಬಿಸಿಲುಂಡು ಬೆಳೆದ ಏಡಿ ಹೆಚ್ಚು ಬಿಸಿ ತಾಳುತ್ತದೆ ನಿಜ, ಆದರೆ ಅದು ಈಗಾಗಲೇ ತನ್ನ ತುತ್ತತುದಿಯ ಹತ್ತಿರ ಬದುಕುತ್ತಿದೆ, ಇನ್ನಷ್ಟು ಏರಿಸಿಕೊಳ್ಳುವ ಶಕ್ತಿ ಅದಕ್ಕೇ ಅತಿ ಕಡಿಮೆ. ನಮ್ಮ ಉಷ್ಣವಲಯದ ತೀರಗಳನ್ನು ನೋಡುವಾಗ ಈ ಏಡಿಗಳ ನೆನಪು ನನ್ನನ್ನು ಬಿಡುವುದಿಲ್ಲ.

ಬಿಸಿಯೊಂದೇ ಸಂಕಟವೂ ಅಲ್ಲ. ಮಳೆಗಾಲದ ಕೊನೆಯಲ್ಲಿ, ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ, ಗೋವಾ ತೀರದಾಚೆಯ ಕೆಳಪದರದ ನೀರಿನಲ್ಲಿ ಆಮ್ಲಜನಕ ತೀರಾ ಇಳಿಯುತ್ತದೆ. ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಇದನ್ನು ಅಳೆದು 2000ದಲ್ಲಿ ಜಗತ್ತಿಗೆ ತಿಳಿಸಿದರು. ಅಲ್ಲಿ ಸಿಕ್ಕಿಬಿದ್ದ ಪ್ರಾಣಿಯ ಕೋಶದಲ್ಲಿ ಎಚ್‌ಐಎಫ್ ಎಂಬ ಇನ್ನೊಂದು ಸ್ವಿಚ್ ಇದೆ. ಉಸಿರು ಸಾಕಷ್ಟಿದ್ದಾಗ ಕೋಶ ಈ ಪ್ರೋಟೀನನ್ನು ತಯಾರಿಸುತ್ತಲೇ ಇರುತ್ತದೆ, ನಾಶಮಾಡುತ್ತಲೂ ಇರುತ್ತದೆ. ನಾಶಮಾಡುವ ಗುರುತು ಹಾಕಲು ಆಮ್ಲಜನಕವೇ ಬೇಕು. ಅದಿಲ್ಲವಾದರೆ ಎಚ್‌ಐಎಫ್ ಉಳಿದುಕೊಂಡು ಕಡಿಮೆ ಉಸಿರಿನಲ್ಲಿ ಬದುಕುವ ಜೀನ್‌ಗಳನ್ನು ಎಬ್ಬಿಸುತ್ತದೆ. ಇದನ್ನು ಬಿಡಿಸಿದ ಕೇಲಿನ್, ರ್ಯಾಟ್‌ಕ್ಲಿಫ್, ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು.

ಆಮೆಗಳ ಮಾತು ಬೇರೆ. ಗಾಲ್ಜಿಬಾಗ್, ಆಗೊಂದ, ಮೊರ್ಜಿ ಕಡಲತೀರಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡುತ್ತವೆ, ಅರಣ್ಯ ಇಲಾಖೆಯವರು ಬೇಲಿ ಕಟ್ಟಿ ಕಾಯುತ್ತಾರೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ಅಲ್ಲಿ ಮರಳಿನ ಬಿಸಿ ನಿರ್ಧರಿಸುತ್ತದೆ. ಬಿಸಿ ಹೆಚ್ಚಾದರೆ ಹೆಣ್ಣು. ಅಕ್ವೇರಿಯಂಗಳಲ್ಲಿ ಕಾಣುವ ಕೆಂಪುಕಿವಿಯ ಆಮೆಯಲ್ಲಿ ಇದರ ಒಳಗುಟ್ಟು 2018 ಮತ್ತು 2020ರಲ್ಲಿ ಬಿಡಿಸಿದೆ. 26 ಡಿಗ್ರಿಯಲ್ಲಿ ಕೆಡಿಎಂ6ಬಿ ಎಂಬ ಜೀನ್ ಎಚ್ಚರವಿದ್ದು, ಗಂಡಾಗಿಸುವ ಜೀನ್‌ನ ಮೇಲಿನ ರಾಸಾಯನಿಕ ಬೀಗವನ್ನು ತೆಗೆಸುತ್ತದೆ. 32 ಡಿಗ್ರಿಯಲ್ಲಿ ಕೋಶಕ್ಕೆ ಕ್ಯಾಲ್ಸಿಯಂ ನುಗ್ಗಿ, ಮತ್ತೊಂದು ಪ್ರೋಟೀನ್ ಚುರುಕಾಗಿ, ಕೆಡಿಎಂ6ಬಿಯನ್ನೇ ಅದುಮಿಡುತ್ತದೆ. ಬೀಗ ಹಾಗೇ ಉಳಿದು ಮರಿ ಹೆಣ್ಣಾಗುತ್ತದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗದ ಹಸಿರು ಕಡಲಾಮೆಗಳಲ್ಲಿ ಎಳೆಯವು ಶೇಕಡಾ 99ಕ್ಕೂ ಹೆಚ್ಚು ಹೆಣ್ಣು ಎಂದು 2018ರಲ್ಲಿ ಎಣಿಸಿದ್ದಾರೆ. ಆ ಆಮೆಗಳ ಜೀನ್‌ಗಳು ಪರಿಸರಕ್ಕೆ ಸರಿಯಾಗಿಯೇ ಸ್ಪಂದಿಸಿವೆ, ಯಾವ ತಪ್ಪನ್ನೂ ಮಾಡಿಲ್ಲ. ಮುಂದೆ ಗಂಡೇ ಸಿಗದೆ ಹೋಗಬಹುದಾದ ಸ್ಥಿತಿಗೆ ಬಂದದ್ದೂ ಆ ಸ್ಪಂದನದಿಂದಲೇ. "ಹೊಂದಿಕೊಳ್ಳುತ್ತವೆ" ಎಂದು ಯಾರಾದರೂ ಹಗುರವಾಗಿ ಅಂದಾಗ ನನಗೆ ನೋವಾಗುವುದು ಇದಕ್ಕೇ.

ಇದೆಲ್ಲ ಮಕ್ಕಳಿಗೆ ದಾಟುತ್ತದೆಯೇ ಎಂದು ತಮ್ಮನ ಹೆಂಡತಿ ಕೇಳಿದ್ದಳು. ಸ್ವಲ್ಪ ಮಟ್ಟಿಗೆ, ಕೆಲವು ಪ್ರಾಣಿಗಳಲ್ಲಿ. ಡಾಫ್ನಿಯಾ ಎಂಬ ನೀರಿನ ಸಣ್ಣ ಜೀವಿ ಬೇಟೆಗಾರರ ವಾಸನೆ ತಾಗಿದರೆ ತಲೆಯ ಮೇಲೆ ಟೋಪಿಯಂಥ ರಕ್ಷಣೆ ಬೆಳೆಸಿಕೊಳ್ಳುತ್ತದೆ, ಅದರ ಮರಿಗಳೂ ದೊಡ್ಡ ಟೋಪಿಯೊಂದಿಗೇ ಹುಟ್ಟುತ್ತವೆ. ಸಸ್ತನಿಗಳಲ್ಲಿ ಜೀನ್ ಮೇಲಿನ ಬೀಗದಂಥ ರಾಸಾಯನಿಕ ಗುರುತುಗಳಲ್ಲಿ ಬಹುಪಾಲು ಅಂಡ ಮತ್ತು ವೀರ್ಯ ರೂಪುಗೊಳ್ಳುವಾಗ ಅಳಿಸಿಹೋಗುತ್ತವೆ. ಅಜ್ಜಿಯ ಕಷ್ಟವೆಲ್ಲ ಮೊಮ್ಮಗಳ ಜೀನಿನಲ್ಲಿ ಬರೆದಿದೆ ಎನ್ನುವ ವಾಟ್ಸಾಪ್ ಸಂದೇಶಗಳನ್ನು ದಯವಿಟ್ಟು ಮುಂದೆ ಕಳಿಸಬೇಡಿ.

ಮೇಸ್ತ್ರಿಗೆ ನಾನು ನೀಲಿಕಲ್ಲಿನ ಕತೆಯನ್ನಷ್ಟೇ ಹೇಳಿದ್ದೆ. ಅವರು ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು ಕೇಳಿದರು, "ಹಂಗಾರ ಆ ಕಾವಲಿನವು ನಮ್ಮ ಮೈಯಾಗೂ ಅದಾವೇನ್ರಿ?"

ಇವೆ ಎಂದೆ. ಅದೇ ಎಚ್‌ಎಸ್‌ಎಫ್1, ಅದೇ ಎಚ್‌ಎಸ್‌ಪಿ70. ದಿನವೂ ಸ್ವಲ್ಪ ಸ್ವಲ್ಪ ಬಿಸಿಗೆ ಒಡ್ಡಿಕೊಂಡರೆ ಒಂದೆರಡು ವಾರದಲ್ಲಿ ಮೈ ಒಗ್ಗುತ್ತದೆ. ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಎದೆಬಡಿತ ಇಳಿಯುತ್ತದೆ, ಕೋಶಗಳಲ್ಲಿ ಕಾವಲುಗಾರರ ದಾಸ್ತಾನು ಏರುತ್ತದೆ. ಒಗ್ಗುವ ಮೊದಲಿನ ದಿನಗಳೇ ಅಪಾಯದವು. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ನಿಯೋಶ್ ಹೊಸಬರನ್ನು ಮೊದಲ ದಿನ ಕೆಲಸದ ಹೊತ್ತಿನಲ್ಲಿ ಐದನೇ ಒಂದು ಪಾಲು ಮಾತ್ರ ಬಿಸಿಗೆ ಒಡ್ಡಿ, ದಿನಕ್ಕೆ ಅಷ್ಟಷ್ಟೇ ಏರಿಸಿ ಎನ್ನುತ್ತದೆ ಎಂದೂ ಹೇಳಿದೆ.

ಅವರು ಬೆರಳಿನಲ್ಲಿ ಲೆಕ್ಕ ಹಾಕಿದರು. "ಎಂಟು ತಾಸಿನ್ಯಾಗ ಐದನೇ ಪಾಲು ಅಂದ್ರ ಸುಮಾರ ಒಂದೂವರಿ ತಾಸ ಆತು. ನಾಳೆ ಊರಿಂದ ಇಬ್ರು ಹೊಸಾ ಹುಡುಗ್ರು ಬರಾವ್ರದಾರ್ರಿ, ಸೀದಾ ಸ್ಲ್ಯಾಬ್ ಮ್ಯಾಲ ಹಾಕ್ಬೇಕಂದಿದ್ದೆ. ಮುಂಜಾನೆ ಒಂದೂವರಿ ತಾಸ ಮ್ಯಾಲ, ಆಮ್ಯಾಲ ಒಳಗ ಗಿಲಾವ್ ಕೆಲಸ. ಹಂಗ ಮಾಡ್ತೀನ್ರಿ."