ತಟ್ಟೆಬೆಟ್ಟದ ತಿಗರಿಗಳು: ಜಪಾನಿನ ಒಂತಾದಲ್ಲಿ ಒಂದು ದಿನ

ಹಿತಾ ರೈಲು ನಿಲ್ದಾಣದಲ್ಲಿ ಇಳಿದವರು ಮೊದಲು ಮಾಡಬೇಕಾದ ಕೆಲಸ ವಾಪಸ್ ಬಸ್ಸಿನ ಸಮಯ ಬರೆದಿಟ್ಟುಕೊಳ್ಳುವುದು. ಒಂತಾದ ಕುಂಬಾರಗೇರಿಯಾದ ಸರಾಯಾಮಾಕ್ಕೆ ದಿನಕ್ಕೆ ಬೆರಳೆಣಿಕೆಯ ಬಸ್ಸುಗಳಷ್ಟೇ. ಕ್ಯೂಶು ದ್ವೀಪದ ಫುಕುವೋಕಾದಿಂದ ಹಿತಾಕ್ಕೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಸುಗಿ ಮರಗಳ ಕಾಡಿನ ನಡುವೆ ಏರುದಾರಿಯಲ್ಲಿ ಮುಕ್ಕಾಲು ಗಂಟೆ. ಸರಾಯಾಮಾ ಎಂದರೆ ತಟ್ಟೆಬೆಟ್ಟ. ಒಂತಾ ಎಂಬ ಹೆಸರನ್ನು ಬರೆಯುವ ಅಕ್ಷರಗಳಿಗೆ ಸಣ್ಣ ಜಿಂಕೆಯ ಗದ್ದೆ ಎಂಬ ಅರ್ಥವಿದೆ. ಹತ್ತು ಮನೆಗಳ ಆಸುಪಾಸಿನ ಕುಂಬಾರಗೇರಿ, ನಡುವೆ ಒಂದು ತೊರೆ. ಇಡೀ ಊರು ಅಷ್ಟೇ.

ಊರು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಕಿರ್ರ್ ಎಂದು ಒಂದು ನರಳು, ಆಮೇಲೆ ಧಪ್ಪೆಂದು ಒಂದು ಏಟು. ತೊರೆಯ ಉದ್ದಕ್ಕೂ ಕೂತಿರುವ ಕರಾವುಸುಗಳ ಸದ್ದು ಇದು. 1996ರಲ್ಲಿ ಜಪಾನ್ ಸರ್ಕಾರ ಉಳಿಸಿಕೊಳ್ಳಬೇಕಾದ ನೂರು ಸದ್ದುಗಳ ಪಟ್ಟಿ ಮಾಡಿದಾಗ ಇದನ್ನೂ ಸೇರಿಸಿಕೊಂಡಿತು. ನಮ್ಮ ಕಡೆಯ ಏತ ನೋಡಿದವರಿಗೆ ಕರಾವುಸು ಹೊಸದೆನಿಸದು. ಕೆಲವು ಮೀಟರ್ ಉದ್ದದ ಪೈನ್ ಮರದ ದಿಮ್ಮಿ, ನಡುವೆ ಅಚ್ಚು. ಒಂದು ತುದಿಯನ್ನು ದೋಣಿಯಂತೆ ಕೊರೆದಿರುತ್ತಾರೆ, ಇನ್ನೊಂದು ತುದಿಗೆ ಒನಕೆ. ತೊರೆಯ ನೀರು ದೋಣಿಗೆ ತುಂಬುತ್ತದೆ, ಭಾರಕ್ಕೆ ಆ ತುದಿ ಬಾಗಿ ನೀರು ಚೆಲ್ಲುತ್ತದೆ, ಹಗುರಾದ ದಿಮ್ಮಿ ಹಿಂದಕ್ಕೆ ಬಿದ್ದು ಒನಕೆ ಕುಳಿಯಲ್ಲಿರುವ ಮಣ್ಣನ್ನು ಕುಟ್ಟುತ್ತದೆ. ಹಗಲು ರಾತ್ರಿ ಹೀಗೇ. ಒಂದು ಕುಳಿ ಮಣ್ಣು ನುಣ್ಣಗಾಗಲು ಎರಡು ಮೂರು ವಾರ ಬೇಕು.

ತಿಗರಿ ನೋಡಲು ಬಂದವರು ಸಾಮಾನ್ಯವಾಗಿ ಇಲ್ಲಿ ಒಂದೆರಡು ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಹಾಗೆ ಹೋಗಬಾರದು. ತಿಗರಿಯ ಮೇಲೆ ಏನು ಸಾಧ್ಯ, ಏನು ಅಸಾಧ್ಯ ಎಂಬುದು ಈ ತೊರೆಯ ದಂಡೆಯಲ್ಲೇ ತೀರ್ಮಾನವಾಗಿರುತ್ತದೆ. ಊರ ಹಿಂದಿನ ಗುಡ್ಡದ ಮಣ್ಣು ನಮ್ಮ ಕೆರೆಯ ಜೇಡಿಯಂತೆ ಅಗೆದ ಕೂಡಲೇ ಬಾಗುವಂಥದ್ದಲ್ಲ. ಗಟ್ಟಿ ಹೆಂಟೆ, ಕಬ್ಬಿಣದ ಅಂಶ ಹೆಚ್ಚು. ಒಣಗಿಸಿ ಕುಟ್ಟಿದರೆ ಮಾತ್ರ ಜಿಗುಟು ಬರುತ್ತದೆ. ಒನಕೆಯ ಪುಡಿಯಲ್ಲಿ ಹಿಟ್ಟಿನಂಥ ಕಣವೂ ಇರುತ್ತದೆ, ರವೆಯಂಥ ಕಣವೂ ಇರುತ್ತದೆ. ಹಿಟ್ಟು ಬಾಗುವ ಗುಣ ಕೊಡುತ್ತದೆ, ರವೆ ಗೋಡೆಯನ್ನು ನಿಲ್ಲಿಸುತ್ತದೆ. ಒಣಗುವಾಗ ನೀರು ಹೊರಬರಲು ಸಂದು ಬಿಡುವುದೂ ರವೆಯೇ. ಪುಡಿಯನ್ನು ತೊಟ್ಟಿಯಲ್ಲಿ ಕದಡಿ, ಜರಡಿ ಹಿಡಿದು, ತಿಳಿಯನ್ನು ಇನ್ನೊಂದು ತೊಟ್ಟಿಯಲ್ಲಿ ತಳ ಕೂರಲು ಬಿಟ್ಟು, ಮೇಲಿನ ನೀರು ಬಸಿದು, ಉಳಿದ ಗಂಜಿಯನ್ನು ಬಿಸಿಲಿಗೋ ಸೌದೆ ಉರಿಸಿ ಬೆಚ್ಚಗಿಟ್ಟ ಕಟ್ಟೆಯ ಮೇಲೋ ಹಾಕಿ ಹದಕ್ಕೆ ತರುತ್ತಾರೆ. ಈ ಕೆಲಸದ ಬಹುಪಾಲು ಮನೆಯ ಹೆಂಗಸರದು. ತೊರೆ ಕೊಟ್ಟಷ್ಟೇ ಮಣ್ಣು, ಮಣ್ಣಿದ್ದಷ್ಟೇ ಪಾತ್ರೆ. ಹೀಗಾಗಿ ಮನೆಗೆ ಸಾಮಾನ್ಯವಾಗಿ ಎರಡೇ ತಿಗರಿ, ಅಪ್ಪನಿಗೊಂದು, ಮಗನಿಗೊಂದು. ಹೊರಗಿನ ಶಿಷ್ಯರಿಲ್ಲ, ಕರೆಂಟಿನ ತಿಗರಿಯೂ ಇಲ್ಲ. 2017ರ ಜುಲೈ ಮಳೆಗೆ ಹಲವು ಕರಾವುಸುಗಳು ಹಾಳಾದಾಗ ತಿಗರಿಗಳೂ ಸುಮ್ಮನಾಗಬೇಕಾಯಿತು.

ಈ ಊರಿಗೆ ಮುನ್ನೂರು ವರ್ಷ ದಾಟಿದೆ. 1705ರಲ್ಲಿ ಬೆಟ್ಟದ ಆಚೆಯ ಕೊಯಿಶಿವಾರಾದಿಂದ ಬಂದ ಕುಂಬಾರರಿಂದ ಶುರುವಾಯಿತು. ಆಗ ಸುತ್ತಲಿನ ರೈತರಿಗೆ ಬೇಕಿದ್ದ ನೀರಿನ ಹಂಡೆ, ಉಪ್ಪಿನಕಾಯಿ ಜಾಡಿಗಳೇ ಮುಖ್ಯ ಸರಕು. 1931ರಲ್ಲಿ ಜಪಾನಿನ ಜನಪದ ಕರಕುಶಲ ಚಳವಳಿಯ ಮುಂದಾಳು ಯಾನಾಗಿ ಸೋಯೆತ್ಸು ಬಂದು ನೋಡಿ ಹೊಗಳಿದ ಮೇಲೆ ಊರಿನ ಹೆಸರು ಹೊರಗೆ ಹೋಯಿತು. 1954ರಲ್ಲಿ ಇಂಗ್ಲೆಂಡಿನ ಕುಂಬಾರ ಬರ್ನಾರ್ಡ್ ಲೀಚ್ ಇಲ್ಲಿ ತಂಗಿ ಕೆಲಸ ಮಾಡಿದ. 1995ರಲ್ಲಿ ಈ ಕಸುಬಿಗೆ ರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಇಷ್ಟಾದರೂ ಪಾತ್ರೆಯ ಅಡಿಯಲ್ಲಿ ಮಾಡಿದವರ ಹೆಸರಿರುವುದಿಲ್ಲ. ಮುದ್ರೆ ಇದ್ದರೆ ಊರಿನದು.

ಈಗ ತಿಗರಿಯ ಹತ್ತಿರ. ಕುಂಬಾರ ಕೂರುವುದು ಹಲಗೆಯ ಅಂಚಿನಲ್ಲಿ, ಕಾಲು ಕೆಳಗಿನ ಗುಂಡಿಯಲ್ಲಿ. ಮರದ ತಿಗರಿಯ ಕೆಳಚಕ್ರವನ್ನು ಪಾದ ಒದೆಯುತ್ತದೆ. ನಮ್ಮ ಕುಂಬಾರರ ತಿಗರಿ ಭಾರದ್ದು, ಕೋಲಿನಿಂದ ಒಮ್ಮೆ ಬಲವಾಗಿ ತಿರುಗಿಸಿಬಿಟ್ಟರೆ ವೇಗ ನಿಧಾನವಾಗಿ ಇಳಿಯುತ್ತ ಹೋಗುತ್ತದೆ, ಅಷ್ಟರೊಳಗೆ ಕಂಠ ಭುಜ ಮುಗಿಯಬೇಕು. ಮಡಕೆಯ ಹೊಟ್ಟೆ, ತಳಗಳನ್ನು ಆಮೇಲೆ ಒಳಗೆ ಕಲ್ಲು ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತೆಳ್ಳಗೆ ಮಾಡುತ್ತಾರೆ. ಒದೆಯುವ ತಿಗರಿಯಲ್ಲಿ ಗೋಡೆ ಎಳೆಯುವ ನಡುವೆಯೇ ವೇಗ ಬದಲಿಸಬಹುದು. ಮೋಟಾರಿಗೆ ಹೋಲಿಸಿದರೆ ಬಲ ಕಡಿಮೆ, ಆದರೆ ಅದು ಒಳ್ಳೆಯದೇ: ಮಣ್ಣು ಗಟ್ಟಿಯಿದ್ದರೆ ತಿಗರಿ ನಿಂತು ತಾನೇ ಹೇಳುತ್ತದೆ.

ಮೊದಲು ಮಿದಿಯುವುದು. ಜಪಾನಿನ ಕುಂಬಾರರು ಇದನ್ನು ಸೇವಂತಿಗೆ ಮಿದಿತ ಎನ್ನುತ್ತಾರೆ. ಒತ್ತಿ ತಿರುಗಿಸುತ್ತ ಹೋದಂತೆ ಮುದ್ದೆಯ ಮೇಲೆ ಎಸಳಿನಂಥ ಮಡಿಕೆಗಳು ಏಳುವುದರಿಂದ ಆ ಹೆಸರು. ಉದ್ದೇಶ ಎರಡು, ಗಾಳಿ ಹೊರಹಾಕುವುದು ಮತ್ತು ಹದವನ್ನು ಎಲ್ಲ ಕಡೆ ಒಂದೇ ಮಾಡುವುದು. ಮುದ್ದೆಯಲ್ಲಿ ಒಂದು ಕಡೆ ಗಟ್ಟಿ ಗಂಟು ಉಳಿದರೆ ತಿಗರಿಯ ಮೇಲೆ ಅದು ಪ್ರತಿ ಸುತ್ತಿಗೂ ಬೆರಳಿಗೆ ತಾಗಿ ಗೋಡೆಯನ್ನು ಓರೆ ಮಾಡುತ್ತದೆ. ಕಲಿಯುವವರು ಇದನ್ನು ಕೈಯ ತಪ್ಪೆಂದು ತಿಳಿದು ತಿಂಗಳುಗಟ್ಟಲೆ ಒದ್ದಾಡುವುದುಂಟು.

ತೂಕ ಎಲ್ಲ ಕಡೆ ನಡೆಯುವ ಲೆಕ್ಕ. ಹನ್ನೆರಡು ಸೆಂಟಿಮೀಟರ್ ಬಾಯಿಯ ಅನ್ನದ ಬಟ್ಟಲಿಗೆ 350ರಿಂದ 400 ಗ್ರಾಂ, ಮುನ್ನೂರು ಮಿಲಿಲೀಟರಿನ ಲೋಟಕ್ಕೆ 400ರಿಂದ 450, ಇಪ್ಪತ್ತನಾಲ್ಕು ಸೆಂಟಿಮೀಟರ್ ತಟ್ಟೆಗೆ ಒಂದೂವರೆ ಕಿಲೋ ಸುತ್ತಮುತ್ತ. ಮಣ್ಣು ಒಣಗಿ ಬೆಂದು ಕುಗ್ಗುವುದನ್ನು ಸೇರಿಸಿಕೊಳ್ಳಬೇಕು. ನೂರಕ್ಕೆ ಹನ್ನೆರಡು ಕುಗ್ಗುವ ಮಣ್ಣಿನಲ್ಲಿ ಹತ್ತು ಸೆಂಟಿಮೀಟರ್ ಬಾಯಿ ಬೇಕಾದರೆ ಹತ್ತನ್ನು 0.88ರಿಂದ ಭಾಗಿಸಿ, 11.4ಕ್ಕೆ ಎಳೆಯಬೇಕು. ಹತ್ತಕ್ಕೆ ಹನ್ನೆರಡು ಪರ್ಸೆಂಟ್ ಕೂಡಿಸಿದರೆ 11.2 ಬರುತ್ತದೆ. ಒಂಟಿ ಲೋಟಕ್ಕೆ ಅದು ನಡೆದೀತು, ಮುಚ್ಚಳ ಕೂರಬೇಕಾದ ಪಾತ್ರೆಗೆ ನಡೆಯದು.

ನಡುವಿಗೆ ತಂದ ಮುದ್ದೆಯನ್ನು ಹೆಬ್ಬೆರಳಿನಿಂದ ತೆರೆದ ಮೇಲೆ ಕುಂಬಾರ ಒಂದು ಕ್ಷಣ ತಳದ ಮೇಲೆ ಬೆರಳು ಒತ್ತಿ ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ ಓಡಾಡಿಸುತ್ತಾನೆ. ನೋಡುವವರಿಗೆ ಇದು ಸವರಿದಂತೆ ಕಾಣುತ್ತದೆ. ಎರಡು ಮೂರು ಸಲದ ಈ ಒತ್ತು ಬಿಟ್ಟರೆ ಒಣಗುವಾಗಲೋ ಬೇಯುವಾಗಲೋ ತಳದಲ್ಲಿ ಇಂಗ್ಲಿಷಿನ ಎಸ್ ಅಕ್ಷರದಂಥ ಬಿರುಕು ಬರುತ್ತದೆ. ಗೋಡೆಯ ಮಣ್ಣನ್ನು ಎಳೆಯುವಾಗ ಅದು ಬಿಗಿಯಾಗುತ್ತದೆ, ತಳದ ಮಣ್ಣನ್ನು ಮಾತ್ರ ಯಾರೂ ಎಳೆಯುವುದಿಲ್ಲ, ಸಡಿಲವಾಗೇ ಉಳಿದು ಹೆಚ್ಚು ಕುಗ್ಗುತ್ತದೆ. ತಳದಲ್ಲಿ ನೀರು ನಿಂತರೂ ಇದೇ ಗತಿ. ಅದಕ್ಕೇ ಪ್ರತಿ ಎಳೆತದ ಬಳಿಕ ಸ್ಪಂಜಿನಲ್ಲಿ ಒಳಗಿನ ನೀರು ಹೀರುವುದು.

ಗೋಡೆ ಏರುವುದು ಮೂರು ಎಳೆತದಲ್ಲಿ. ನಾಲ್ಕನೆಯದು ಬೇಕಾದರೆ ಮೊದಲ ಎಳೆತ ಅಂಜಿಕೆಯದಾಗಿತ್ತೆಂದು ಲೆಕ್ಕ. ಗೋಡೆ ಏರಿದಂತೆ ತಿಗರಿಯ ವೇಗ ಇಳಿಯಬೇಕು. ಅದೇ ವೇಗದಲ್ಲಿ ಹೋದರೆ ಬಾಯಿ ಹೊರಕ್ಕೆ ಅರಳಿ ಮೇಲಿನ ಮಣ್ಣು ತೆಳುವಾಗಿ ಹರಿಯುತ್ತದೆ. ಕೊನೆಗೆ ತೊಯ್ಸಿದ ತೊಗಲಿನ ಪಟ್ಟಿಯನ್ನು ಬಾಯಂಚಿನ ಮೇಲೆ ಮಡಚಿ ಹಿಡಿದು ಒಂದೆರಡು ಸುತ್ತು ಓಡಿಸುತ್ತಾರೆ. ದಿನಾ ತುಟಿಗೆ ತಾಗುವ ಜಾಗ ಅದು, ಪಾತ್ರೆಗಳು ಮೊದಲು ಚಕ್ಕೆ ಏಳುವುದೂ ಅಲ್ಲೇ. ಗುಂಡಗೆ ಬಿಗಿದ ಅಂಚು ಚೂಪಾದ ಅಂಚಿಗಿಂತ ಬಹುಕಾಲ ಬಾಳುತ್ತದೆ.

ಅಳತೆಗೆ ಬಳಸುವ ಸಾಧನವೊಂದನ್ನು ಹತ್ತಿರದಿಂದ ನೋಡಬೇಕು. ಬಿದಿರಿನ ಒಂದು ಕಡ್ಡಿ, ಅದಕ್ಕೆ ಅಡ್ಡಲಾಗಿ ತೂರಿಸಿದ ಇನ್ನೊಂದು ಕಡ್ಡಿ. ಹೆಸರು ತೊಂಬೊ, ಅಂದರೆ ನಮ್ಮ ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಹುಳು. ಉದ್ದ ಕಡ್ಡಿಯ ತುದಿ ತಳ ಮುಟ್ಟಿದರೆ ಆಳ ಸರಿ, ಅಡ್ಡಕಡ್ಡಿಯ ಎರಡು ತುದಿ ಬಾಯಂಚಿಗೆ ತಾಗಿದರೆ ಅಗಲ ಸರಿ. ಒಂದೇ ಸಲ ಎರಡು ಅಳತೆ. ಐವತ್ತು ಬಟ್ಟಲುಗಳನ್ನು ಒಂದರೊಳಗೊಂದು ಕೂರುವಂತೆ ಮಾಡುವುದು ಈ ಎರಡು ಕಡ್ಡಿಯಿಂದ.

ತಟ್ಟೆಯ ಕಷ್ಟ ಬೇರೆ ಬಗೆಯದು. ಅಂಚನ್ನು ಒಂದೇ ಉಸಿರಿಗೆ ಹೊರಕ್ಕೆ ಮಲಗಿಸಿದರೆ ಅದು ಕುಸಿಯುತ್ತದೆ, ಮೊದಲು ಗಿಡ್ಡ ಗೋಡೆಯಾಗಿ ಎಳೆದು ಕೊನೆಯ ಸುತ್ತಿನಲ್ಲಿ ನಿಧಾನಕ್ಕೆ ಬಾಗಿಸಬೇಕು. ತಟ್ಟೆ ನಿಲ್ಲುವ ಕೆಳಗಿನ ಉಂಗುರ, ಅಂದರೆ ಅಡಿಬಳೆಯ ಅಗಲ ತಟ್ಟೆಯ ಮೂರನೆಯ ಎರಡು ಪಾಲಿನಷ್ಟಿರಬೇಕು. ಬಳೆ ಸಣ್ಣದಾದರೆ ಬೆಂಕಿಯಲ್ಲಿ ಅಂಚು ಇಳಿಬೀಳುತ್ತದೆ, ದೊಡ್ಡದಾದರೆ ನಡುವೆ ಹೊಟ್ಟೆ ಜಗ್ಗುತ್ತದೆ. ಒಂದಡಿ ದಾಟಿದ ತಟ್ಟೆಗೆ ಒಳಗೊಂದು ಎರಡನೆಯ ಬಳೆ ಕೊಡುವುದೇ ಕ್ಷೇಮ.

ಒಂತಾ ಎಂದ ಕೂಡಲೇ ಎಲ್ಲರ ಕಣ್ಣಿಗೆ ಬರುವುದು ಟೋಬಿಕನ್ನಾ, ಅಂದರೆ ಜಿಗಿಯುವ ಉಳಿ. ಬಿಳಿಮಣ್ಣಿನ ಲೇಪದ ಮೇಲೆ ಸುತ್ತುಸುತ್ತಾಗಿ ಅಕ್ಕಿಕಾಳಿನಂಥ ಸಾಲು ಗುರುತುಗಳು, ಕೆಳಗಿನ ಕಪ್ಪು ಮಣ್ಣು ಇಣುಕುತ್ತದೆ. ಕೈಯಿಂದ ಒಂದೊಂದೇ ಕೊರೆದದ್ದು ಅಂದುಕೊಂಡವರು ತಿಗರಿಯ ಮುಂದೆ ಬೆಪ್ಪಾಗುತ್ತಾರೆ, ಒಂದು ತಟ್ಟೆಗೆ ನಿಮಿಷವೂ ಹಿಡಿಯುವುದಿಲ್ಲ. ಉಪಕರಣ ಹಳೆ ಗಡಿಯಾರದ ಸ್ಪ್ರಿಂಗಿನ ಉಕ್ಕು, ತುದಿ ಬಾಗಿಸಿದ್ದು. ತಿರುಗುತ್ತಿರುವ ತಟ್ಟೆಗೆ ಅದರ ತುದಿಯನ್ನು ಹೆಚ್ಚುಕಡಿಮೆ ನೇರವಾಗಿ ತಾಗಿಸಿದರೆ ಉಕ್ಕು ಮಣ್ಣಿಗೆ ಕಚ್ಚಿ, ಬಾಗಿ, ಚಿಮ್ಮಿ, ಮತ್ತೆ ಕಚ್ಚುತ್ತದೆ. ಕೈ ಮಾಡುವುದು ನಡುವಿನಿಂದ ಅಂಚಿನ ಕಡೆ ಸಮನಾಗಿ ಸರಿಯುವುದಷ್ಟೇ.

ಕಷ್ಟವೆಲ್ಲ ಹದದಲ್ಲಿದೆ. ಲೇಪದ ಹೊಳಪು ಆರಿರಬೇಕು. ಉಗುರು ತಾಗಿಸಿದರೆ ಗೀರು ಬೀಳಬೇಕು, ಬೆರಳು ಒತ್ತಿದರೆ ತಗ್ಗಬಾರದು. ಹಸಿಯಿದ್ದರೆ ಉಳಿ ಜಿಗಿಯದೆ ನೇಗಿಲಿನಂತೆ ಸಾಲು ತೆಗೆಯುತ್ತದೆ, ಗುರುತಿನ ಅಂಚಿನಲ್ಲಿ ಮಣ್ಣು ಮೊಂಡಾಗಿ ಏಳುತ್ತದೆ. ಹೆಚ್ಚು ಒಣಗಿದ್ದರೆ ಲೇಪವೇ ಚಕ್ಕೆಯಾಗಿ ಹಾರುತ್ತದೆ. ಉಕ್ಕು ದಪ್ಪವಾದರೆ ಚಿಮ್ಮುವುದಿಲ್ಲ. ತಿಗರಿ ಒಂದೇ ವೇಗದಲ್ಲಿರಬೇಕು, ನಡುವೆ ಒದೆತ ತಪ್ಪಿದರೆ ಆ ಜಾಗ ಸಾಲಿನಲ್ಲಿ ಕಂಡೇ ಕಾಣುತ್ತದೆ. ಅದರ ಜೊತೆಗಾರ ಹಕೆಮೆಗೆ ಇದಕ್ಕೆ ಉಲ್ಟಾ ಹದ ಬೇಕು. ಲೇಪ ಹಸಿಯಿರುವಾಗಲೇ, ತಟ್ಟೆ ತಿರುಗುತ್ತಿರುವಾಗ ಅಗಲ ಕುಂಚವನ್ನು ಟಪಟಪ ಮುಟ್ಟಿಸಿ ತೆಗೆಯುತ್ತ ಹೋಗುತ್ತಾರೆ, ಬೀಸಣಿಗೆಯಂಥ ಪಟ್ಟೆಗಳು ಮೂಡುತ್ತವೆ.

ಹೂಜಿಗಳಿಗೆ ಹಿಡಿ ಎಳೆಯುವ ಬಗೆಯನ್ನು ಲೀಚ್ ತೋರಿಸಿಕೊಟ್ಟನೆಂದು ಇಲ್ಲಿ ಹೇಳುತ್ತಾರೆ. ಗಜ್ಜರಿ ಆಕಾರದ ಮಣ್ಣನ್ನು ಒದ್ದೆ ಕೈಯಲ್ಲಿ ಹಾಲು ಕರೆಯುವಂತೆ ಕೆಳಕ್ಕೆ ಎಳೆದು ಪಟ್ಟಿ ಮಾಡಿ, ಪಾತ್ರೆಗೆ ಗೀರು ಹಾಕಿ ಮೆತ್ತಿ ಅಂಟಿಸುವುದು. ಪಾತ್ರೆ ಹೆಚ್ಚು ಒಣಗಿ ಹಿಡಿ ಹಸಿಯಿದ್ದರೆ ಬೆಸುಗೆಯಲ್ಲಿ ಬಿರುಕು ಖಚಿತ. ಹಿಡಿಯೇ ಹೆಚ್ಚು ಕುಗ್ಗಿ ಪಾತ್ರೆಯಿಂದ ಕಿತ್ತುಕೊಳ್ಳುತ್ತದೆ.

ಇಲ್ಲಿ ಪಾತ್ರೆಯನ್ನು ಎರಡು ಸಲ ಸುಡುವುದಿಲ್ಲ. ಒಣಗಿದ, ಇನ್ನೂ ಸುಡದ ಪಾತ್ರೆಗೇ ಗ್ಲೇಜ್, ಅಂದರೆ ಬೆಂದಾಗ ಗಾಜಿನಂತಾಗುವ ಲೇಪ, ಹೊಯ್ದು ಒಂದೇ ಬೆಂಕಿಗೆ ಕಳಿಸುತ್ತಾರೆ. ಸೌದೆ ಉಳಿಯುತ್ತದೆ, ಅಪಾಯ ಹೆಚ್ಚುತ್ತದೆ: ತೆಳು ಗೋಡೆ ಗ್ಲೇಜಿನ ನೀರು ಕುಡಿದು ಉಬ್ಬಿ ಸೀಳಬಹುದು. ಒಳಗೆ ಹೊಯ್ದು, ಆರಲು ಬಿಟ್ಟು, ಆಮೇಲೆ ಹೊರಗೆ ಹೊಯ್ಯುವುದು ಅದಕ್ಕೆ. ಒಂತಾದ ಪಾತ್ರೆ ಕೊಂಚ ದಪ್ಪವೆಂದು ಮೂಗು ಮುರಿಯುವವರು ಈ ಹಂತವನ್ನು ನೋಡಿರುವುದಿಲ್ಲ.

ಇಳಿಜಾರಿನಲ್ಲಿ ಮೆಟ್ಟಿಲಿನಂತೆ ಏರುವ ಆವಿಗೆ ಹಲವು ಮನೆಗಳಿಗೆ ಸೇರಿದ್ದು. ಸೌದೆ ಹಿತಾದ ಮರದ ಮಿಲ್ಲುಗಳಲ್ಲಿ ಉಳಿದ ಸುಗಿ ಸೀಳುಗಳು. ಕೆಳಗಿನ ಒಲೆಯನ್ನು ಮೊದಲು ನಿಧಾನಕ್ಕೆ ಉರಿಸಿ, ಆಮೇಲೆ ಒಂದೊಂದೇ ಕೋಣೆಗೆ ಪಕ್ಕದ ಕಿಂಡಿಯಿಂದ ಸೌದೆ ತೂರುತ್ತ ಮೇಲೇರುತ್ತಾರೆ. ಕೆಳಗಿನ ಕೋಣೆಯ ಬಿಸಿ ಮೇಲಿನದನ್ನು ಕಾಯಿಸಿಟ್ಟಿರುತ್ತದೆ. ಶಾಖ 1,200 ಡಿಗ್ರಿ ದಾಟುತ್ತದೆ. ನಮ್ಮ ಮಡಕೆ ಬೇಯುವುದು ಅದಕ್ಕಿಂತ ಮುನ್ನೂರು ನಾನೂರು ಡಿಗ್ರಿ ಕೆಳಗೆ, ಬೇಕೆಂದೇ. ಮಡಕೆ ಬೆವರಿದರೆ ತಾನೇ ನೀರು ತಣ್ಣಗಾಗುವುದು. ಒಂತಾದ ಹೂಜಿ ಬೆವರಿದರೆ ಅದು ಕೆಟ್ಟ ಹೂಜಿ.

ಸಂಜೆಯ ಬಸ್ಸಿಗೆ ಮೊದಲು ಮನೆಗಳ ಮುಂದಿನ ಹಲಗೆಗಳಲ್ಲಿ ಕೊಳ್ಳಬಹುದು. ಅಕ್ಟೋಬರಿನ ಹಬ್ಬದ ವಾರಾಂತ್ಯದಲ್ಲಿ ಜನಜಂಗುಳಿ, ಉಳಿದ ದಿನ ನಿಧಾನವಾಗಿ ಆರಿಸಲು ಬಿಡುವಿರುತ್ತದೆ. ಚಿತ್ತಾರಕ್ಕೆ ಮರುಳಾಗುವ ಮೊದಲು ತಟ್ಟೆಯನ್ನು ಸಮತಟ್ಟು ಹಲಗೆಯ ಮೇಲಿಟ್ಟು ಅಂಚಿನ ಎದುರುಬದುರು ಒತ್ತಿ, ಕುಣಿದರೆ ಬೇಡ. ಅಡಿಬಳೆಯ ಮೇಲೆ ಬೆರಳಾಡಿಸಿ, ತರಿಯಿದ್ದರೆ ಮನೆಯಲ್ಲಿ ನುಣುಪು ಉಪ್ಪುಕಾಗದದಿಂದ ಉಜ್ಜಿದರೆ ಸಾಕು. ಬಿಳಿ ಲೇಪದ ಮೇಲಿನ ಗ್ಲೇಜಿನಲ್ಲಿ ಕೂದಲೆಳೆಯ ಸೀಳುಗಳಿದ್ದರೆ ನಮ್ಮ ಸಾರಿನ ಅರಿಶಿನ ಅಲ್ಲಿ ಇಳಿದು ಹಳದಿ ಬಲೆಯಾಗಿ ಕೂರುತ್ತದೆ. ಜಪಾನಿನಲ್ಲಿ ಇದಕ್ಕೊಂದು ಮನೆಮದ್ದಿದೆ. ಮೊದಲ ಬಳಕೆಗೆ ಮುಂಚೆ ಪಾತ್ರೆಯನ್ನು ಅಕ್ಕಚ್ಚಿನಲ್ಲಿ ಮುಳುಗಿಸಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿಸಿ, ಅದರಲ್ಲೇ ಪೂರ್ತಿ ಆರಲು ಬಿಟ್ಟು ತೊಳೆಯುವುದು. ಗಂಜಿ ಸೀಳುಗಳನ್ನು ತುಂಬುತ್ತದೆ. ಆಮೇಲೂ ಬಡಿಸುವ ಮುಂಚೆ ಒಮ್ಮೆ ನೀರಲ್ಲಿ ಅದ್ದಿ ಒರೆಸಿಕೊಂಡರೆ ಸಾರಿಗಿಂತ ಮೊದಲು ನೀರು ಒಳಗೆ ಕೂತಿರುತ್ತದೆ.